ಹನ್ನೆರಡನೇ ಮಹಡಿಗೆ ಬಂದ ದೆವ್ವ

ರಾಮ್ ಗೋಪಾಲ್ ವರ್ಮಾ ಎಂದರೆ ಭೂಗತ ಲೋಕದ ಸಿನಿಮಾ ಎನ್ನುವುದು ರೂಢಿ. ‘ಸತ್ಯ’ (1998), ‘ಕಂಪನಿ’ (2002) ಆ ಹೆಸರನ್ನು ಗಟ್ಟಿ ಮಾಡಿದವು. ಆದರೆ ಈ ಮನುಷ್ಯನನ್ನು ಕಾಡಿದ್ದು ಪಾತಕಿಗಳಷ್ಟೇ ಅಲ್ಲ, ‘ದಿ ಎಕ್ಸಾರ್ಸಿಸ್ಟ್’ ಎಂಬ ದೆವ್ವದ ಸಿನಿಮಾ ಕೂಡ. ‘ಶಿವ’ ಗೆದ್ದು ಕೈಗೆ ಬಲ ಬಂದ ಹೊತ್ತಿಗೇ, 1992ರಲ್ಲಿ, ಹಿಂದಿಯಲ್ಲಿ ‘ರಾತ್’, ತೆಲುಗಿನಲ್ಲಿ ‘ರಾತ್ರಿ’ ತೆಗೆದರು.

ಆಗಿನ ಹಿಂದಿ ದೆವ್ವಗಳಿಗೆ ವಿಳಾಸ ಗೊತ್ತಿತ್ತು: ರಾಮ್ಸೆ ಸಹೋದರರ ಪಾಳು ಹವೇಲಿ, ಮಂಜು, ಕಿರ್ರೆನ್ನುವ ಬಾಗಿಲು. ವರ್ಮಾ ಹವೇಲಿಗೆ ಹೋಗಲಿಲ್ಲ. ಸಾಧಾರಣ ಮಧ್ಯಮ ವರ್ಗದ ಸಂಸಾರ, ಹೊಸದಾಗಿ ಬಂದ ಮನೆ, ಕಾರಿನಡಿ ಸಿಕ್ಕು ಸತ್ತ ಬೆಕ್ಕಿನ ಮರಿ, ಕಾಲೇಜಿಗೆ ಹೋಗುವ ಹುಡುಗಿ. ಆ ಹುಡುಗಿಯಾಗಿ ರೇವತಿ, ಮಾಂತ್ರಿಕನಾಗಿ ಓಂ ಪುರಿ. ನಮ್ಮ ಅನಂತ್ ನಾಗ್ ಕೂಡ ಇದ್ದರು. (‘ನಾ ನಿನ್ನ ಬಿಡಲಾರೆ’ಯಲ್ಲಿ ದೆವ್ವ ಮೆಟ್ಟಿಕೊಂಡಿದ್ದೇ ಅವರಿಗೆ, ಇಲ್ಲಿ ಆ ಕಷ್ಟ ರೇವತಿಯ ಪಾಲಿಗೆ.) ನೆಲಕ್ಕೆ ಹತ್ತಿಕೊಂಡು ತೆವಳುವ ಕ್ಯಾಮೆರಾ ಮನೆಯೊಳಗೆ ಯಾರೋ ಓಡಾಡುತ್ತಿದ್ದಾರೆ ಎಂದು ನಂಬಿಸಿಬಿಡುತ್ತದೆ. ಅಂದು ಜನ ಮುಗಿಬೀಳಲಿಲ್ಲ. ‘ರಾತ್’ಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದು ಆಮೇಲೆ, ಟಿವಿಯಲ್ಲಿ ನೋಡಿ.

ಅಲ್ಲಿಂದ ‘ರಂಗೀಲಾ’, ‘ಸತ್ಯ’. ಆಮೇಲೆ 1999ರಲ್ಲಿ ‘ಕೌನ್’: ಒಂದೇ ಮನೆ, ಮೂರೇ ಪಾತ್ರ, ಹೊರಗೆ ಮಳೆ. ಬರೆದವರು ಅನುರಾಗ್ ಕಶ್ಯಪ್. ಅದರಲ್ಲಿ ದೆವ್ವವಿಲ್ಲ, ಭಯ ಮಾತ್ರ ಇದೆ. ಹಿಂದಿಯಲ್ಲಿ ದೆವ್ವದ ಕಥೆಗೇ ವರ್ಮಾ ಮರಳಿದ್ದು 2003ರ ‘ಭೂತ್’ನಲ್ಲಿ, ‘ರಾತ್’ ಬಂದು ಹನ್ನೊಂದು ವರ್ಷದ ಮೇಲೆ.

ಅದರ ಹಿಂದಿನ ವರ್ಷವಷ್ಟೇ ದೆವ್ವದ ಚಿತ್ರ ‘ರಾಝ್’ ಹಾಡುಗಳ ಬಲದಿಂದ ದೊಡ್ಡ ಗೆಲುವು ಕಂಡಿತ್ತು. ವರ್ಮಾ ಒಂದೂ ಹಾಡು ಇಡಲಿಲ್ಲ. ದೆವ್ವವನ್ನು ಮುಂಬೈನ ಎತ್ತರದ ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಗೆ ತಂದು ಕೂರಿಸಿದರು. ಗಂಡ ಅಜಯ್ ದೇವಗನ್, ಹೆಂಡತಿ ಊರ್ಮಿಳಾ ಮಾತೋಂಡ್ಕರ್. ಫ್ಲ್ಯಾಟು ಅಗ್ಗಕ್ಕೆ ಸಿಕ್ಕಿದೆ. ಹಿಂದೆ ಅಲ್ಲಿದ್ದ ಹೆಣ್ಣು ಬಾಲ್ಕನಿಯಿಂದ ಬಿದ್ದು ಸತ್ತಿದ್ದಾಳೆಂದು ಗಂಡನಿಗೆ ಗೊತ್ತು, ಹೆಂಡತಿಗೆ ಹೇಳಿಲ್ಲ. ಚಿತ್ರದ ಜೀವ ಇರುವುದು ಈ ಮುಚ್ಚಿಟ್ಟ ಮಾತಿನಲ್ಲಿ. ಮನೆ ಸಿಕ್ಕರೆ ಸಾಕು ಎನ್ನುವ ಊರಿನಲ್ಲಿ ಯಾವ ಗಂಡನಾದರೂ ಮಾಡಬಹುದಾದ ಲೆಕ್ಕಾಚಾರ ಅದು. ಲಿಫ್ಟು, ಮಂಕು ಕಣ್ಣಿನ ವಾಚ್‌ಮನ್, ನಡುರಾತ್ರಿ ಉರಿಯುವ ಟಿವಿ, ಇವೇ ಹೆದರಿಸುವ ಸಾಮಗ್ರಿ. ಉಳಿದದ್ದನ್ನು ಸದ್ದು ಮಾಡುತ್ತದೆ, ಕೆಲವೊಮ್ಮೆ ಅತಿಯಾಗಿ. ಊರ್ಮಿಳಾ ಮೈಮೇಲೆ ದೆವ್ವ ಬಂದವಳಾಗಿ ನಟಿಸಿದ್ದು ಅವರ ಅತ್ಯುತ್ತಮ ಕೆಲಸಗಳಲ್ಲೊಂದು.

ರೇಖಾ ಮಾಂತ್ರಿಕಳಾಗಿ ಬಂದ ಮೇಲೆ, ನಾನಾ ಪಾಟೇಕರ್ ತನಿಖೆಗಿಳಿದ ಮೇಲೆ, ಚಿತ್ರ ಕೊಲೆಗಾರನನ್ನು ಹುಡುಕುವ ಹಳೇ ದಾರಿ ಹಿಡಿಯುತ್ತದೆ. ದೆವ್ವಕ್ಕೆ ಕಾರಣ ಸಿಕ್ಕಿದ ಕೂಡಲೇ ಭಯ ಅರ್ಧ ಇಳಿದುಹೋಗುತ್ತದೆ. ಆದರೂ ಚಿತ್ರ ಗೆದ್ದಿತು.

ಗೆದ್ದದ್ದೇ ತೊಂದರೆಯಾಯಿತೇನೋ. ಮುಂದಿನ ಮರಳುವಿಕೆಗಳು ಬೇಗ ಬೇಗ ಬಂದವು. 2008ರ ‘ಫೂಂಕ್’ ಸುದೀಪ್ ಅವರ ಮೊದಲ ಹಿಂದಿ ಚಿತ್ರ. ದೇವರು ದಿಂಡರು ನಂಬದ ಎಂಜಿನಿಯರ್, ಅವನ ಮಗಳ ಮೇಲೆ ಯಾರೋ ಮಾಡಿಸಿದ ಮಾಟ. ವಿಚಾರವಾದಿ ಅಪ್ಪನೊಬ್ಬ ಮಗಳ ನರಳಾಟದ ಮುಂದೆ ಹಂತ ಹಂತವಾಗಿ ಕುಸಿಯುವುದನ್ನು ಸುದೀಪ್ ಚೆನ್ನಾಗಿ ತೋರಿಸಿದ್ದಾರೆ. ಆದರೆ ಜನರ ಬಾಯಲ್ಲಿ ಉಳಿದದ್ದು ಚಿತ್ರವನ್ನು ಒಬ್ಬಂಟಿಯಾಗಿ ಕೂತು ನೋಡಿದವರಿಗೆ ಐದು ಲಕ್ಷ ರೂಪಾಯಿ ಎಂಬ ಸವಾಲು. ‘ರಾತ್’ ತೆಗೆದ ನಿರ್ದೇಶಕನಿಗೆ ಇಂಥ ಡಂಗುರ ಬೇಕಿರಲಿಲ್ಲ. 2012ರಲ್ಲಿ ತ್ರೀಡಿ ಕನ್ನಡಕದ ಜೊತೆ ‘ಭೂತ್ ರಿಟರ್ನ್ಸ್’ ಬಂತು. ಮನೀಷಾ ಕೊಯಿರಾಲಾ ಇದ್ದೂ ಅದು ನೆನಪಿನಲ್ಲಿ ನಿಲ್ಲಲಿಲ್ಲ.

ಮರಳಿ ಬರುವವನ ಕೈಯಲ್ಲಿ ಹೊಸದೇನಾದರೂ ಇರಬೇಕು. ‘ಭೂತ್’ಗೆ ಬಂದಾಗ ವರ್ಮಾ ಬಳಿ ನಗರದ ಒಂಟಿತನ ಇತ್ತು, ‘ಫೂಂಕ್’ನಲ್ಲಿ ಒಬ್ಬ ನಂಬಿಕೆಯಿಲ್ಲದ ಅಪ್ಪನಿದ್ದ, ಆಮೇಲಿನದ್ದರಲ್ಲಿ ಬರೀ ಕನ್ನಡಕ. ಒಂದನ್ನೇ ನೋಡುವಷ್ಟು ಪುರಸೊತ್ತಿದ್ದರೆ ‘ರಾತ್’ ನೋಡಿ. ‘ಭೂತ್’ ಆದರೆ, ರೇಖಾ ಬರುವವರೆಗೆ.