ಅಣುಗಳ ಎಡಗೈ ಬಲಗೈ

ದೇವರ ಮನೆಯಲ್ಲಿ ಶಂಖವಿರುವ ಮನೆಗಳು ನಮ್ಮ ಮಲೆನಾಡಿನಲ್ಲಿ ಅನೇಕವುಂಟು. ಅವುಗಳಲ್ಲಿ ದಕ್ಷಿಣಾವರ್ತ ಶಂಖವು ಅತಿ ವಿರಳವೆಂದೂ, ಆದುದರಿಂದಲೇ ಬೆಲೆಬಾಳುವುದೆಂದೂ ಹಿರಿಯರು ಹೇಳುವುದನ್ನು ವಾಚಕರು ಕೇಳಿರಬಹುದು. ಬಣ್ಣ, ತೂಕ, ಗಾತ್ರಗಳು ಒಂದೇ ಆಗಿದ್ದರೂ ಸುರುಳಿಯು ಒಂದರಲ್ಲಿ ಬಲಕ್ಕೂ ಮತ್ತೊಂದರಲ್ಲಿ ಎಡಕ್ಕೂ ತಿರುಗಿರುವುದಷ್ಟೇ ಭೇದ. ಒಂದು ಮತ್ತೊಂದರ ಕನ್ನಡಿಯ ಪ್ರತಿಬಿಂಬ. ನಮ್ಮ ಎರಡು ಕೈಗಳಂತೆ, ಹೇಗೆ ಹೊರಳಿಸಿದರೂ ಒಂದು ಇನ್ನೊಂದಾಗದು.

ಈ ವಾಮದಕ್ಷಿಣ ಭೇದವು ಕಣ್ಣಿಗೆ ಕಾಣದ ಅಣುಗಳಲ್ಲಿಯೂ ಉಂಟು. ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣವಾದ ಟಾರ್ಟಾರಿಕ್ ಆಮ್ಲದಿಂದಲೇ ಇದು ಮೊದಲು ಬೆಳಕಿಗೆ ಬಂದಿತು. ೧೮೪೮ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಈ ಆಮ್ಲದ ಒಂದು ಲವಣದ ಹರಳುಗಳನ್ನು ಪರೀಕ್ಷಿಸುತ್ತಿರಲು, ಅವುಗಳಲ್ಲಿ ಬಿಂಬಪ್ರತಿಬಿಂಬಗಳಂತಿರುವ ಎರಡು ಬಗೆಗಳನ್ನು ಕಂಡನು. ಚಿಮಟದಿಂದ ಒಂದೊಂದಾಗಿ ಆರಿಸಿ, ಬೇರೆ ಬೇರೆ ಕರಗಿಸಿ ನೋಡಿದಾಗ, ಒಂದು ದ್ರವವು ಬೆಳಕಿನ ಕಂಪನವನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಆಗ ಅವನ ವಯಸ್ಸು ಇಪ್ಪತ್ತೈದು.

ಇದರಿಂದ ಗೃಹಸ್ಥರಿಗೇನು ಪ್ರಯೋಜನವೆಂದು ಕೇಳಬಹುದು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಕಳಸದ ಕಡೆ ನಮ್ಮ ತಮ್ಮನ ಎರಡೆಕರೆ ಅರೇಬಿಕಾ ತೋಟಕ್ಕೆ ಬಿಳಿ ಕಾಂಡಕೊರಕವು ಬಿದ್ದ ಮೇಲೆ ನಮ್ಮ ಅಭಿಪ್ರಾಯವು ಬದಲಾಯಿತು. ತೋಟದವರು ಬೋರರ್ ಎನ್ನುವ ಈ ದುಂಬಿಯು ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುವು ಒಳಹೊಕ್ಕು ಮರವನ್ನು ಕೊರೆಯುತ್ತದೆ. ಎಲೆ ಹಳದಿಯಾಗಿ ಗಿಡ ಬಾಡುವಾಗ್ಗೆ ಕಾಲ ಮಿಂಚಿರುತ್ತದೆ. ಹತ್ತಾರು ವರ್ಷ ಸಾಕಿದ ಗಿಡಗಳನ್ನು ಕಿತ್ತು ಸುಡುವಾಗ ನಮ್ಮ ತಮ್ಮನು ಒಂದು ಮಾತನ್ನೂ ಆಡಲಿಲ್ಲ.

ಈ ದುಂಬಿಯ ಗಂಡು ತನ್ನ ಜಾತಿಯನ್ನು ಸೆಳೆಯಲು ಒಂದು ಗಂಧವನ್ನು ಹೊರಸೂಸುತ್ತದೆ. ಬಾಳೆಹೊನ್ನೂರಿನ ಸಮೀಪ ೧೯೨೫ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಇಂಗ್ಲೆಂಡಿನ ವಿಜ್ಞಾನಿಗಳೂ ಕೂಡಿ ಅದನ್ನು ಪರಿಶೋಧಿಸಿ, ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಧದ ಮುಖ್ಯಾಂಶದ ಹೆಸರು ೨-ಹೈಡ್ರಾಕ್ಸಿ-೩-ಡೆಕನೋನ್. ಇದಕ್ಕೂ ಎಡಬಲ ರೂಪಗಳುಂಟು. ದುಂಬಿಯು ತಯಾರಿಸುವುದು ‘ಎಸ್’ ಎಂಬ ರೂಪವನ್ನು. ಈ ಅಕ್ಷರವು ಎಡ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಆದರೆ ಪ್ರಯೋಗಶಾಲೆಯಲ್ಲಿ ಸಾಮಾನ್ಯ ರೀತಿಯಿಂದ ತಯಾರಿಸಿದರೆ ಎರಡು ರೂಪಗಳೂ ಸಮಸಮವಾಗಿ ಹುಟ್ಟುತ್ತವೆ. ನಮ್ಮ ತಮ್ಮನು ಕೊಂಡುತಂದ ಬಲೆಗಳಲ್ಲಿ ದುಂಬಿಗಳು ಬೀಳಲಿಲ್ಲ. ಕಾರಣಗಳು ಹಲವಿರಬಹುದು, ಔಷಧದ ಮೇಲೆಯೇ ತಪ್ಪು ಹೊರಿಸಲಾಗದು. ಆದರೂ “ಅಣ್ಣಯ್ಯ, ಈ ಕುಪ್ಪಿಯಲ್ಲಿರುವುದು ಯಾವ ಕೈಯದೆಂದು ತಿಳಿಯುವುದು ಹೇಗೆ?” ಎಂದು ಅವನು ಕೇಳಿದಾಗ ನಾವು ನಿರುತ್ತರರಾದೆವು.

ಉತ್ತರದ ಮೊದಲ ಮೆಟ್ಟಿಲನ್ನು ಮನೆಯಲ್ಲಿಯೇ ಹತ್ತಬಹುದು. ಚಪ್ಪಟೆ ಮುಖದ, ಅಂಗೈ ಅಗಲದ ಗಾಜಿನ ಭರಣಿಯಲ್ಲಿ ಗಟ್ಟಿಯಾದ, ತಿಳಿಯಾದ ಸಕ್ಕರೆಪಾಕವನ್ನು ತುಂಬಿ, ಎಲ್‌ಸಿಡಿ ಕಂಪ್ಯೂಟರಿನ ಬಿಳಿಯ ಪರದೆಯ ಮುಂದಿಡಿರಿ. ಪೋಲರಾಯ್ಡ್ ತಂಪುಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತ, ಕನ್ನಡಕವನ್ನು ಮೆಲ್ಲನೆ ಬಲಕ್ಕೆ ತಿರುಗಿಸಿರಿ. ಬಣ್ಣವಿಲ್ಲದ ಪಾಕದಲ್ಲಿ ನೀಲಿ, ಅನಂತರ ನೇರಿಳೆ, ಅನಂತರ ಕೆಂಪು ಹೀಗೆ ಬಣ್ಣಗಳು ತೋರುವುವು. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವುದು. ಸಕ್ಕರೆಯು ಅದನ್ನು ಬಲಕ್ಕೆ ತಿರುಗಿಸುವುದು, ಕೆಂಪಿಗಿಂತ ನೀಲಿಯನ್ನು ಹೆಚ್ಚಾಗಿ. ಎಡಕ್ಕೆ ತಿರುಗಿಸುವ ದ್ರವವಾದರೆ ಬಣ್ಣಗಳ ಕ್ರಮವು ತಲೆಕೆಳಗಾಗುವುದು.

ಇಲ್ಲಿಯ ತತ್ತ್ವವಿಷ್ಟೆ: ಕೈಯನ್ನು ಕೈಯಿಂದಲೇ ಗುರುತಿಸಬೇಕು. ಕತ್ತಲಲ್ಲಿ ಎಡಗಾಲಿನ ಚಪ್ಪಲಿ ಯಾವುದೆಂಬುದು ಕಾಲಿಗೆ ತಿಳಿಯುವುದು, ದೊಣ್ಣೆಗೆ ತಿಳಿಯದು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಕೂಡ ಬಲಸುರುಳಿ ಎಡಸುರುಳಿಗಳ ಜೋಡಿಯೇ. ಆದುದರಿಂದಲೇ ಅದಕ್ಕೆ ಸಕ್ಕರೆಯ ಕೈ ತಿಳಿಯಿತು. ದುಂಬಿಯ ಮೀಸೆಯಲ್ಲಿ ಗಂಧವನ್ನು ಗ್ರಹಿಸುವ ಅಣುಗಳೂ ಒಂದೇ ಕೈಯವು.

ಇದೇ ತತ್ತ್ವದಿಂದ ಜಪಾನಿನ ಯೂಜಿ ಕುಬೊ ಮತ್ತು ಸಂಗಡಿಗರು ೧೯೯೬ರಲ್ಲಿ ಒಂದು ಬಣ್ಣದ ಅಣುವನ್ನು ರಚಿಸಿದರು. ಕೈಯ ಭೇದವುಳ್ಳ ಒಂದು ಗೂಡಿಗೆ ಬಣ್ಣವನ್ನು ಜೋಡಿಸಿದಂತೆ ಅದರ ರಚನೆ. ಫಿನೈಲ್‌ಗ್ಲೈಸಿನಾಲ್ ಎಂಬ ವಸ್ತುವಿನ ‘ಆರ್’ ರೂಪವನ್ನು ಸೇರಿಸಿದರೆ ಕೆಂಪು ದ್ರವವು ನೀಲಿನೇರಿಳೆಯಾಗುವುದು. ‘ಎಸ್’ ರೂಪವನ್ನು ಸೇರಿಸಿದರೆ ಕೆಂಪು ಕೆಂಪಾಗಿಯೇ ನಿಲ್ಲುವುದು. ಯಂತ್ರವಿಲ್ಲದೆ ಬರಿಗಣ್ಣಿಗೇ ಎಡಬಲಗಳು ಕಂಡಂತಾಯಿತು.

ಆದರೆ ಒಂದು ಗೂಡು ತನಗೊಪ್ಪುವ ಅಣುವನ್ನು ಮಾತ್ರ ಗುರುತಿಸಬಲ್ಲುದು. ಕಾಂಡಕೊರಕದ ಗಂಧಕ್ಕೆ ಕುಬೊ ಅವರ ದ್ರವವು ಉಪಯೋಗಕ್ಕೆ ಬಾರದು. ಅದರ ಪರೀಕ್ಷೆಯು ನಡೆಯುವುದು ಪ್ರಯೋಗಶಾಲೆಯಲ್ಲಿ, ಒಂದೇ ಕೈಯ ಅಣುಗಳನ್ನು ಲೇಪಿಸಿದ ಉದ್ದವಾದ ಸಣ್ಣ ಕೊಳವೆಯ ಮೂಲಕ ಆವಿಯನ್ನು ಹಾಯಿಸಿ. ಆದಕಾರಣ ತೋಟಗಾರರು ಬಲೆಯ ಔಷಧವನ್ನು ಕೊಳ್ಳುವಾಗ, ಒಳಗಿರುವುದು ‘ಎಸ್’ ರೂಪವೋ ಮಿಶ್ರಣವೋ ಎಂದು ಕೇಳುವುದು ಉಚಿತ. ಬಲೆಯೊಂದನ್ನೇ ನಂಬಿ ಕೂರಲೂ ಬಾರದು. ನೆರಳನ್ನು ಕಾಪಾಡುವುದು, ಹಾರಾಟದ ಕಾಲಕ್ಕೆ ಮುಂಚೆ ಸಡಿಲು ತೊಗಟೆಯನ್ನು ಉಜ್ಜಿ ತೆಗೆಯುವುದು, ಹುಳು ಬಿದ್ದ ಗಿಡವನ್ನು ತಡಮಾಡದೆ ಕಿತ್ತು ಸುಡುವುದು, ಈ ಹಳೆಯ ಕ್ರಮಗಳು ಇಂದಿಗೂ ಬಿಡತಕ್ಕವಲ್ಲ.

ಮೊನ್ನೆ ನಮ್ಮ ತಮ್ಮನಿಗೆ ಸಕ್ಕರೆಪಾಕದ ಬಣ್ಣಗಳನ್ನು ತೋರಿಸಿದೆವು. ಕನ್ನಡಕವನ್ನು ಅತ್ತಿತ್ತ ತಿರುಗಿಸಿ ಬಹಳ ಹೊತ್ತು ನೋಡಿ, “ಹುಳಕ್ಕೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ” ಎಂದನು. ಸುಟ್ಟ ಗಿಡಗಳ ಜಾಗದಲ್ಲಿ ಹೊಸ ಸಸಿಗಳನ್ನು ನೆಟ್ಟಿದ್ದಾನೆ.