ತೆಳ್ಳಗಿದ್ದರೂ ನಡೆಯಬೇಕು

‘ತೆಳ್ಳಗಿದ್ದೇನಲ್ಲ, ನನಗೇಕೆ ವ್ಯಾಯಾಮ?’ ಎನ್ನುವ ಹಿರಿಯ ಮಧುಮೇಹಿಗಳಿಗೆ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಉತ್ತರಿಸಿದ್ದಾರೆ. ಅವರದೂ ಸಹಲೇಖಕ, ಬ್ರಿಟನ್ನಿನ ಜಾನ್ ಯುಡ್ಕಿನ್‌ರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3; ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ತಕ್ಕಡಿಗೆ ಕಾಣದ ಈ ಕೊಬ್ಬು ಹೆಚ್ಚಾದರೆ ಇನ್ಸುಲಿನ್ನಿಗೆ ಅಡ್ಡಿ. ದುಡಿಯುವ ಸ್ನಾಯುವಾದರೋ ಇನ್ಸುಲಿನ್ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ವಯಸ್ಸಿನೊಂದಿಗೆ ಕರಗುವುದೂ ಆ ಸ್ನಾಯುವೇ; ಹಾಗಾಗಿ ಕೂತಲ್ಲೇ ಕೂರುವುದು ಎರಡು ಪಟ್ಟು ನಷ್ಟ.

‘ಮಂಡಿ ನೋಯುತ್ತದೆ, ನಡೆಯುವುದು ಹೇಗೆ?’ ಎಂಬ ಆಕ್ಷೇಪವೂ ಸುಳ್ಳಲ್ಲ. ಆದರೆ ಗಂಟೆಗಟ್ಟಲೆ ನಡೆಯಬೇಕಿಲ್ಲ: 2013ರ ಸಣ್ಣದೊಂದು ಅಮೆರಿಕನ್ ಅಧ್ಯಯನದಲ್ಲಿ, ಸಕ್ಕರೆ ಏರುವ ಅಪಾಯವಿದ್ದ ಅರವತ್ತು ದಾಟಿದವರಿಗೆ ಪ್ರತಿ ಊಟದ ನಂತರದ 15 ನಿಮಿಷದ ನಡಿಗೆ ಫಲ ಕೊಟ್ಟಿತು. ಅದೂ ಆಗದವರು ಕುರ್ಚಿಯಿಂದ ಮತ್ತೆ ಮತ್ತೆ ಎದ್ದು ಕೂರಲಿ. ಇನ್ಸುಲಿನ್ ಪಡೆಯುವವರಂತೂ ಮೊದಲು ವೈದ್ಯರನ್ನು ಕೇಳಬೇಕು.