ಬಾದಾಮಿ: ಬಂಡೆಗಳ ನಡುವಿನ ವಿದ್ಯಾಕ್ಷೇತ್ರ

ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳು, ಅವುಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ, ಕೆರೆಯ ಪಶ್ಚಿಮಕ್ಕೆ ಒತ್ತಿಕೊಂಡು ಹಬ್ಬಿದ ಊರು. ಬಾದಾಮಿಯ ಭೂಗೋಳ ಇಷ್ಟೇ. ಈ ಊರನ್ನು ಕುರಿತು ಬರೆದವರಲ್ಲಿ ಬಹುಮಂದಿ ಅದನ್ನು ಗತವೈಭವದ ರಾಜಧಾನಿಯೆಂದು ವರ್ಣಿಸಿ, ಗುಹಾಲಯಗಳ ಮೆಟ್ಟಿಲಿಳಿದೊಡನೆ ಲೇಖನಿಯನ್ನು ಕೆಳಗಿಟ್ಟಿದ್ದಾರೆ. ಆದರೆ ಹಿಂದೆ ವಾತಾಪಿಯೆನಿಸಿದ್ದ ಈ ಊರಿನ ಬಂಡೆಗಳ ಕೆಲಸ ಅರಸರೊಡನೆ ಮುಗಿಯಲಿಲ್ಲ. ಅಕ್ಷರವನ್ನು, ಶಿಲ್ಪವನ್ನು, ಅಂಗಸಾಧನೆಯನ್ನು, ವ್ರತವನ್ನು, ನಾಟ್ಯವನ್ನು ಅರಸಿ ಬಂದವರಿಗೆಲ್ಲ ಈ ನೆಲ ಇಂದಿಗೂ ಪಾಠಶಾಲೆಯಾಗಿರುವುದೇ ಇದರ ನಿಜವಾದ ಹಿರಿಮೆಯೆಂದು ನಾನು ಬಗೆದಿದ್ದೇನೆ.

ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಇಲ್ಲಿನ ಅರಸ ಮೊದಲನೆಯ ಪುಲಕೇಶಿಯು ಅಶ್ವಮೇಧವನ್ನಾಚರಿಸಿದವನಾಗಿ ಈ ಗಿರಿಯನ್ನು ದುರ್ಗವಾಗಿಸಿದ ಸಂಗತಿಯನ್ನು ಬಂಡೆಯ ಮೇಲೆಯೇ ಬರೆಸಿದನು. ಮೂವತ್ತೈದು ವರ್ಷಗಳ ಬಳಿಕ, 578ರಲ್ಲಿ, ಅವನ ಮಗ ಮಂಗಲೇಶನು ದಕ್ಷಿಣದ ಬೆಟ್ಟದಲ್ಲಿ ವಿಷ್ಣುವಿನ ಗುಹಾಲಯವನ್ನು ಪ್ರತಿಷ್ಠಾಪಿಸಿದನು. ಇಂದು ಮೂರನೆಯ ಗುಹೆಯೆನಿಸಿಕೊಳ್ಳುವುದು ಅದೇ. ಅರಸರ ಹೆಸರು ಉಳಿಯುವುದು ಸಹಜ. ಕೋಳಿಮಂಚಿ, ಸಿಂಗಮಂಚಿ ಮೊದಲಾದ ಶಿಲ್ಪಿಗಳ ಹೆಸರುಗಳೂ ಈ ಗುಹೆಗಳ ಕಲ್ಲಿನಲ್ಲಿ ಉಳಿದು ಬಂದಿರುವುದು ನನಗೆ ಅದಕ್ಕಿಂತ ಹೆಚ್ಚು ಬೆಲೆಯುಳ್ಳ ವಿಷಯ. 642ರ ಸುಮಾರಿಗೆ ಪಟ್ಟಣವನ್ನು ಗೆದ್ದ ಪಲ್ಲವ ನರಸಿಂಹವರ್ಮನು ಕೂಡ ತನ್ನ ಜಯವನ್ನು ಇಲ್ಲಿನ ಬಂಡೆಯಲ್ಲಿಯೇ ಕೆತ್ತಿಸಿದನು. ಕೆರೆಯ ಈಶಾನ್ಯದ ಕಡಿದಾದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವಂತೂ ಕನ್ನಡ ತ್ರಿಪದಿಯ ಅತಿ ಪ್ರಾಚೀನ ನಿದರ್ಶನವಾಗಿ ವಿದ್ಯಾರ್ಥಿಗಳ ಪಠ್ಯವನ್ನು ಸೇರಿದೆ. ಜನಪದದ ಬೀಸುವ ಹಾಡಿನ ಛಂದಸ್ಸು ಬಯಲಿನ ಬಂಡೆಯ ಮೇಲೆ, ಗಾಳಿ ಮಳೆಗಳಿಗೆ ಮೈಯೊಡ್ಡಿ, ಸಾವಿರ ವರ್ಷಗಳಿಗೂ ಮಿಕ್ಕು ನಿಂತಿದೆ.

ಅದೇ ಬೆಟ್ಟಗಳ ಕಲ್ಲು ಈ ಕಾಲದ ತರುಣರಿಗೆ ಬೇರೊಂದು ಪಾಠವನ್ನು ಹೇಳುತ್ತಿದೆ. ಇಲ್ಲಿಯ ಮರಳುಗಲ್ಲು ಅಡ್ಡಪದರಗಳಾಗಿ ಕೂಡಿ ಗಟ್ಟಿಯಾದುದರಿಂದ, ನೆಟ್ಟಗೆ ನಿಂತ ಗೋಡೆಯಲ್ಲಿಯೂ ಬೆರಳ ತುದಿಗೆ ಸಿಕ್ಕುವ ಅಂಚುಗಳೂ ಬಿರುಕುಗಳೂ ಹೇರಳವಾಗಿವೆ. ಬೆಂಗಳೂರು, ಪುಣೆಗಳಿಂದ ಮಾತ್ರವಲ್ಲದೆ ಹೊರದೇಶಗಳಿಂದಲೂ ಬಂಡೆ ಹತ್ತುವವರು ಚಳಿಗಾಲದಲ್ಲಿ ಇಲ್ಲಿಗೆ ಬರುತ್ತಾರೆ. ಬೇಸಗೆಯಲ್ಲಿ ಕಾದ ಕಲ್ಲನ್ನು ಮುಟ್ಟುವುದೇ ಕಷ್ಟ. ಮುಂದೆ ಹತ್ತುವವನು ಬಂಡೆಯಲ್ಲಿ ಕೂರಿಸಿದ ಬೋಲ್ಟುಗಳಿಗೆ ಒಂದೊಂದಾಗಿ ಹಗ್ಗವನ್ನು ಸಿಕ್ಕಿಸುತ್ತ ಮೇಲೇರಿದಂತೆ, ಕೆಳಗೆ ನಿಂತ ಜೊತೆಗಾರನು ಆ ಹಗ್ಗವನ್ನು ಅಳತೆಯರಿತು ಬಿಡುತ್ತ, ಕಾಲು ಜಾರಿದ ಕ್ಷಣದಲ್ಲಿ ಬಿಗಿಹಿಡಿಯುತ್ತಾನೆ. ಹತ್ತುವವನ ಪ್ರಾಣ ಹೀಗೆ ಮತ್ತೊಬ್ಬನ ಎಚ್ಚರದಲ್ಲಿರುವುದರಿಂದ, ಇದನ್ನು ಬರಿಯ ಮೈಕಸುವಿನ ಆಟವೆಂದು ತಿಳಿಯಲಾಗದು. ಶಾಸನಗಳೂ ಗುಡಿಗಳೂ ಇರುವ ಸಂರಕ್ಷಿತ ಬಂಡೆಗಳ ಗೊಡವೆಗೆ ಮಾತ್ರ ಯಾರೂ ಹೋಗತಕ್ಕದ್ದಲ್ಲ. ಹಗ್ಗದ ಹಂಗು ಬೇಡವೆನ್ನುವವರು ಬೆಳಗಿನ ತಂಪಿನಲ್ಲಿ ಕುರುಚಲು ಕಾಡಿನ ಕಾಲುದಾರಿ ಹಿಡಿದು ಸಿಡಿಲಫಡಿಗೆ ನಡೆಯಬಹುದು. ಸಿಡಿಲು ಬಡಿದು ತೂತಾಯಿತೆಂದು ಜನರು ನಂಬುವ ಆ ಸಹಜ ಕಮಾನಿನ ಬಂಡೆಯಲ್ಲಿ ಇತಿಹಾಸಪೂರ್ವ ಕಾಲದವರು ಬರೆದ ಚಿತ್ರಗಳಿವೆ.

ಇನ್ನು ವ್ರತದ ಪಾಠಕ್ಕೆ ಬಂದರೆ, ಬಾದಾಮಿಯಿಂದ ಪಟ್ಟದಕಲ್ಲಿನತ್ತ ಹೋಗುವಲ್ಲಿ, ಮಲಪ್ರಭೆಯ ದಂಡೆಯ ಮೇಲೆ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವಿದೆ. 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದ ಈ ಮಹನೀಯರು, ಮಠಗಳು ಸಮಾಜಕ್ಕೆ ಉಪಯುಕ್ತವಾಗಬೇಕಾದರೆ ಅವುಗಳ ಅಧಿಪತಿಗಳಾಗುವವರು ಮೊದಲು ಶಿಕ್ಷಣ ಪಡೆದಿರಬೇಕೆಂದು ಮನಗಂಡು, ಬಾಲವಟುಗಳಿಗೆ ಸಂಸ್ಕೃತ, ಕನ್ನಡ, ಯೋಗ, ಶಿವಪೂಜೆ, ಸಂಗೀತ ಇವುಗಳನ್ನು ಕಲಿಸುವ ಗುರುಕುಲವನ್ನು ಊರ ಗದ್ದಲಕ್ಕೆ ದೂರವಾದ ಈ ನದೀತೀರದಲ್ಲಿ ನೆಲೆಗೊಳಿಸಿದರು. ಗೋಶಾಲೆಯನ್ನು ನಡೆಸುವುದೂ, ಗೋಮಯದಿಂದ ವಿಭೂತಿಯನ್ನು ಸಿದ್ಧಪಡಿಸುವುದೂ, ತಾಳೆಯೋಲೆಯ ಗ್ರಂಥಗಳನ್ನು ಕಾಪಾಡುವುದೂ ಇಲ್ಲಿನ ವಿದ್ಯೆಯ ಅಂಗಗಳೇ. ನಾಡಿನ ಹಲವು ಮಠಗಳ ಪೀಠಗಳಲ್ಲಿ ಇಲ್ಲಿ ಕಲಿತವರು ಕುಳಿತಿದ್ದಾರೆ. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಅಂಧ ಬಾಲಕರಿಗೆ ಸಂಗೀತವನ್ನು ಜೀವನಾಧಾರವಾಗಿಸಿದ ಪಂಚಾಕ್ಷರಿ ಗವಾಯಿಗಳನ್ನು ಪೋಷಿಸಿ ಬೆಳೆಸಿದವರೂ ಇದೇ ಕುಮಾರಸ್ವಾಮಿಗಳು. ಅವರ ಉಪಕಾರ ಒಂದು ಪಂಥದ ಎಲ್ಲೆಯೊಳಗೆ ನಿಲ್ಲತಕ್ಕುದಲ್ಲ.

ಊರ ಒಡನಾಟದ ಬದುಕನ್ನು ಅರಿಯಬೇಕೆಂಬವರು ಬನದ ಹುಣ್ಣಿಮೆಗೆ ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋಗಬೇಕು. ಹುಣ್ಣಿಮೆಯ ಮುನ್ನಾದಿನ ಪಲ್ಲೇದ ಹಬ್ಬವೆಂದು ನೂರೆಂಟು ಬಗೆಯ ಕಾಯಿಪಲ್ಯಗಳನ್ನು ಶಾಕಾಂಬರಿಯೆನಿಸಿದ ಈ ದೇವಿಗೆ ಅರ್ಪಿಸುತ್ತಾರೆ; ತೇರಿನ ಹಗ್ಗವು ಮಲಪ್ರಭೆಯಾಚೆಯ ಮಾಡಲಗೇರಿಯಿಂದ ಎತ್ತುಗಳೆಳೆವ ಹಳಿಬಂಡಿಯಲ್ಲಿ ಬರುತ್ತದೆ. ಹರಿದ್ರಾತೀರ್ಥವೆಂಬ ಪುಷ್ಕರಣಿಯ ಬಳಿಯಲ್ಲಿ ಬುಟ್ಟಿಯಿಟ್ಟು ಕುಳಿತ ತಾಯಂದಿರು ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಗಡಿಗೆಯ ಕೆನೆಮೊಸರುಗಳನ್ನು ಬಡಿಸುವರು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಹೊಸಮನೆಗೆ ಬೇಕಾದ ಕೆತ್ತನೆಯ ಬಾಗಿಲು ಚೌಕಟ್ಟು, ಎತ್ತು ಹೋರಿ, ಇವೆಲ್ಲವುಗಳ ವ್ಯಾಪಾರ ವಾರಗಟ್ಟಲೆ ಸಾಗುತ್ತದೆ. ಆದರೆ ಜಾತ್ರೆಯ ಜೀವವಿರುವುದು ನಾಟಕದ ಥೇಟರುಗಳಲ್ಲಿ. ಹಲವು ವೃತ್ತಿಕಂಪನಿಗಳು ಒಂದೇ ಬಯಲಿನಲ್ಲಿ ಥೇಟರು ಹಾಕಿ ರಾತ್ರಿಯೆಲ್ಲ ಆಟವಾಡುತ್ತವೆ. ಹೊಲದ ಕೆಲಸ ಮುಗಿಸಿ ಬಂದ ಸುತ್ತಲ ಹಳ್ಳಿಗಳವರು ಒಂದು ಆಟ ಮುಗಿದೊಡನೆ ಇನ್ನೊಂದು ಥೇಟರಿಗೆ ನಡೆಯುತ್ತಾರೆ. ವರ್ಷದ ಉಳಿದ ಕ್ಯಾಂಪುಗಳ ನಷ್ಟವನ್ನು ಬನಶಂಕರಿಯ ಕ್ಯಾಂಪೊಂದೇ ತುಂಬಿಕೊಡುವುದೆಂದು ಕಂಪನಿಯವರು ಹೇಳುವುದುಂಟು. ಉತ್ತರ ಕರ್ನಾಟಕದ ವೃತ್ತಿರಂಗಭೂಮಿ ಇಂದಿಗೂ ಉಸಿರಾಡುತ್ತಿದ್ದರೆ ಅದರ ಋಣದಲ್ಲಿ ದೊಡ್ಡ ಪಾಲು ಈ ಜಾತ್ರೆಯ ಪ್ರೇಕ್ಷಕರಿಗೆ ಸಲ್ಲಬೇಕು.